ನಾಮ್ ಪೆನ್ನಿನ ಆ ಶಾಲೆ

ಅಂಕೋರಿನ ದೇವಾಲಯಗಳನ್ನು ಕಣ್ಣಾರೆ ಕಾಣಬೇಕೆಂಬ ಆಸೆ ನನಗೆ ಕಾಲೇಜಿನ ದಿನಗಳಿಂದಲೂ ಇತ್ತು. ನೌಕರಿ, ಮಕ್ಕಳ ವಿದ್ಯಾಭ್ಯಾಸ, ಅವರ ಮದುವೆ, ಮುಂಬಯಿಯ ಮನೆಯ ಸಾಲದ ಕಂತು ಇವುಗಳ ನಡುವೆ ಆ ಆಸೆ ಅಟ್ಟದ ಮೇಲಿನ ಟ್ರಂಕಿನಂತೆ ಮೂವತ್ತು ವರ್ಷ ಧೂಳು ತಿನ್ನುತ್ತ ಕುಳಿತಿತ್ತು. ನಿವೃತ್ತನಾದ ಮೇಲೆ ಅದನ್ನು ಕೆಳಗಿಳಿಸಿದೆ. ಹೊರಟವರು ಮೂವರು: ನಾನು, ನನ್ನಾಕೆ, ಆಕೆಯ ಅಣ್ಣ. ಈ ಭಾವನವರು ಧಾರವಾಡದ ಕಡೆಯ ಒಂದು ಕೋರ್ಟಿನಲ್ಲಿ ಮೂವತ್ತೆರಡು ವರ್ಷ ದುಡಿದು, ಶಿರಸ್ತೇದಾರರಾಗಿ ನಿವೃತ್ತರಾದವರು. ಅವರಿಗೆ ಹಳೆಯ ಗುಡಿಗಳ ಹುಚ್ಚು ಅಷ್ಟಾಗಿ ಇಲ್ಲ. ತಂಗಿ ಕಟ್ಟಿಕೊಂಡ ಅವಲಕ್ಕಿ, ಚಟ್ನಿಪುಡಿ, ಶೇಂಗಾ ಹೋಳಿಗೆಗಳ ಗಂಟನ್ನು ಕಂಡ ಮೇಲೆಯೇ ಅವರು ಬರಲು ಒಪ್ಪಿದರೆಂದು ನನ್ನ ಗುಮಾನಿ.

ಅಂಕೋರಿನ ವೈಭವವನ್ನು ಬಲ್ಲವರು ಬೇಕಾದಷ್ಟು ಬರೆದಿದ್ದಾರೆ. ಅದನ್ನು ಮತ್ತೆ ಹೇಳಲು ನಾನು ಹೊರಟಿಲ್ಲ. ಅಲ್ಲಿಂದ ನಾವು ರಾಜಧಾನಿಗೆ ಹೋದುದು, ಅಲ್ಲಿ ಒಂದು ಹಳೆಯ ಶಾಲೆಯನ್ನು ನೋಡಿದುದು, ಆ ಶಾಲೆಯ ನಿಮಿತ್ತ ನಮ್ಮ ಮೂವರಲ್ಲಿ ನಡೆದ ಮಾತು, ಇಷ್ಟನ್ನು ಮಾತ್ರ ವಾಚಕರ ಮುಂದೆ ಇಡುತ್ತೇನೆ.

ಸಿಯೆಮ್ ರೀಪ್‌ನಿಂದ ನಾಮ್ ಪೆನ್ನಿಗೆ ಬಸ್ಸಿನಲ್ಲಿ ಸುಮಾರು ಆರು ತಾಸಿನ ಹಾದಿ. ರಸ್ತೆಯ ಎರಡೂ ಬದಿಗೆ ಭತ್ತದ ಗದ್ದೆ, ಗದ್ದೆಯ ಬದುವಿನಲ್ಲಿ ತಾಳೆಮರ, ಕಂಬಗಳ ಮೇಲೆ ನಿಂತ ಮರದ ಮನೆಗಳು, ಆ ಮನೆಗಳ ಕೆಳಗಿನ ನೆರಳಿನಲ್ಲಿ ಜೋಲಿಯಲ್ಲಿ ಮಲಗಿದ ಮಕ್ಕಳು. ನಾಮ್ ಪೆನ್ ಊರು ಮೆಕಾಂಗ್ ಮತ್ತು ತೋನ್ಲೆ ಸಾಪ್ ನದಿಗಳು ಕೂಡಿ ಮತ್ತೆ ಕವಲೊಡೆಯುವ ಸ್ಥಳದಲ್ಲಿದೆ. ನೀರು ನಾಲ್ಕು ಮುಖವಾಗಿ ಕಾಣುವುದರಿಂದ ಆ ಸ್ಥಳಕ್ಕೆ ‘ಚಾಕ್ತೊಮುಕ್’ ಎಂದು ಹೆಸರು. ನಮ್ಮ ‘ಚತುರ್ಮುಖ’ವೇ ಅದು! ಇಂಥ ಮಾತುಗಳು ಆ ಭಾಷೆಯಲ್ಲಿ ಹೆಜ್ಜೆ ಹೆಜ್ಜೆಗೂ ಸಿಕ್ಕುತ್ತವೆ. ನಗರ ಅಲ್ಲಿ ‘ನೊಕೊರ್’ ಆಗಿದೆ. ಗುರು ‘ಕ್ರೂ’ ಆಗಿದ್ದಾನೆ. ಶಾಲೆಗೂ ‘ಸಾಲಾ’, ನ್ಯಾಯಾಲಯಕ್ಕೂ ‘ಸಾಲಾ’. ಮುಂದಿನ ಪದ ಮಾತ್ರ ಬೇರೆ. ನ್ಯಾಯಕ್ಕೆ ಅವರು ‘ಯುತ್ತಿಥೊರ್’ ಎನ್ನುತ್ತಾರೆ. ಬರೆಯುವಾಗ ಅದು ‘ಯುತ್ತಿಧರ್ಮ’. ಪಾಲಿಯ ‘ಯುತ್ತಿ’ ಎಂದರೆ ನಮ್ಮ ಯುಕ್ತಿ. ಚಾತುರ್ಯವೆಂಬ ಅರ್ಥದಲ್ಲಲ್ಲ, ಯುಕ್ತವಾದುದು, ಸರಿಯಾಗಿ ಹೊಂದುವುದು ಎಂಬ ಅರ್ಥದಲ್ಲಿ. ಈ ಮಾತನ್ನು ಕೇಳಿ ಭಾವನವರು, “ಕೋರ್ಟಿನೊಳಗ ಯುಕ್ತಿ ಭಾಳ ನೋಡೇನಿ, ಧರ್ಮ ಅಪರೂಪ,” ಎಂದು ನಕ್ಕರು.

ಮರುದಿನ ಬೆಳಿಗ್ಗೆ ಒಂದು ಟುಕ್‌ಟುಕ್ ಗೊತ್ತುಮಾಡಿಕೊಂಡೆವು. ನಮ್ಮ ಆಟೋರಿಕ್ಷಾದ ದೊಡ್ಡಪ್ಪನ ಮಗ ಎನ್ನಬಹುದಾದ ಗಾಡಿ ಅದು. ಚಾಲಕನಿಗೆ ಅರವತ್ತರ ಹತ್ತಿರ ವಯಸ್ಸು. ಮುರುಕು ಇಂಗ್ಲಿಷಿನಲ್ಲಿ ನಗುನಗುತ್ತ ಮಾತನಾಡುತ್ತಿದ್ದ. ‘ತುವೊಲ್ ಸ್ಲೆಂಗ್’ ಎಂದಾಗ ಮಾತ್ರ ನಗು ನಿಂತಿತು. “ಹೆಂಗಸರು ಒಳಗೆ ಎಲ್ಲವನ್ನೂ ನೋಡಬೇಕೆಂದಿಲ್ಲ,” ಎಂದು ನನ್ನಾಕೆಯತ್ತ ನೋಡಿ ಹೇಳಿದ.

ಇಲ್ಲಿ ಸ್ವಲ್ಪ ಇತಿಹಾಸ ಹೇಳಬೇಕು. 1975ರ ಏಪ್ರಿಲ್ 17ರಂದು ಪೋಲ್ ಪಾಟ್‌ನ ಖ್ಮೆರ್ ರೂಜ್ ಪಡೆ ನಾಮ್ ಪೆನ್ನನ್ನು ಹಿಡಿಯಿತು. ಊರಿನಲ್ಲಿದ್ದ ಸುಮಾರು ಇಪ್ಪತ್ತು ಲಕ್ಷ ಜನರನ್ನು, ಆಸ್ಪತ್ರೆಯ ರೋಗಿಗಳನ್ನೂ ಬಿಡದೆ, ಹಳ್ಳಿಗಳಿಗೆ ನಡೆಸಿತು. ಹಣ ರದ್ದಾಯಿತು, ಪೇಟೆ ರದ್ದಾಯಿತು, ಶಾಲೆ, ಗುಡಿ, ಅಂಚೆ ಎಲ್ಲವೂ ರದ್ದಾದುವು. ಓದಿದವನು, ಕನ್ನಡಕ ಹಾಕಿದವನು ಎಂದರೆ ಸಂಶಯ. 1979ರ ಜನವರಿ 7ರಂದು ವಿಯೆಟ್ನಾಮಿನ ಸೈನ್ಯ ಬಂದು ಆ ಆಳ್ವಿಕೆಯನ್ನು ಕೊನೆಗೊಳಿಸುವಷ್ಟರಲ್ಲಿ ಹಸಿವು, ರೋಗ, ದುಡಿಮೆ ಮತ್ತು ಕೊಲೆಗಳಿಂದ ಸುಮಾರು 17 ಲಕ್ಷ ಜನ ಸತ್ತಿದ್ದರು. ದೇಶದ ನಾಲ್ವರಲ್ಲಿ ಒಬ್ಬರು ಹೋದರೆಂದರೆ ತಪ್ಪಾಗದು.

ತುವೊಲ್ ಸ್ಲೆಂಗ್ ಮೊದಲು ಒಂದು ಹೈಸ್ಕೂಲು. ಮನೆಗಳ ಸಾಲಿನ ನಡುವೆಯೇ ಇದೆ. ಎದುರು ಮಹಡಿಯಲ್ಲಿ ಬಟ್ಟೆ ಒಣಗುತ್ತಿರುವುದು ಕಾಣುತ್ತದೆ. ಮೂರು ಅಂತಸ್ತಿನ ನಾಲ್ಕು ಕಟ್ಟಡಗಳು, ಉದ್ದನೆಯ ಜಗಲಿಗಳು, ನಡುವೆ ಆಟದ ಬಯಲು, ತೆಂಗು, ದೇವಕಣಗಿಲೆ. ನಮ್ಮೂರಿನ ಯಾವ ಸರ್ಕಾರಿ ಹೈಸ್ಕೂಲಿಗೆ ಬೇಕಾದರೂ ಹೋಲಿಸಬಹುದು. ಇದನ್ನೇ ಅವರು ಎಸ್-21 ಎಂಬ ಗುಪ್ತ ಸೆರೆಮನೆಯಾಗಿ ಮಾಡಿಕೊಂಡಿದ್ದರು. ಮಕ್ಕಳು ಕಸರತ್ತು ಮಾಡುತ್ತಿದ್ದ ಮರದ ಚೌಕಟ್ಟಿಗೆ ಕೈದಿಗಳನ್ನು ತಲೆಕೆಳಗಾಗಿ ಕಟ್ಟುತ್ತಿದ್ದರು. ತರಗತಿಗಳ ಒಳಗೆ ಇಟ್ಟಿಗೆಯ ಗೋಡೆ ಎಬ್ಬಿಸಿ, ಒಬ್ಬ ಮನುಷ್ಯ ಕಾಲು ಚಾಚಲು ಮಾತ್ರ ಸಾಕಾಗುವಂಥ ಗೂಡುಗಳನ್ನು ಕಟ್ಟಿದ್ದಾರೆ. ಜಗಲಿಗೆ ಮುಳ್ಳುತಂತಿಯ ಬಲೆ. ಕೈದಿಗಳು ಓಡಿಹೋಗದಿರಲೆಂದಲ್ಲ, ಮೇಲಿನಿಂದ ಹಾರಿ ಸಾಯದಿರಲೆಂದು!

ಬಂದ ಪ್ರತಿಯೊಬ್ಬನನ್ನೂ ಕುರ್ಚಿಯಲ್ಲಿ ಕೂರಿಸಿ ಫೋಟೋ ತೆಗೆಯುತ್ತಿದ್ದರು. ಆ ಮುಖಗಳು ಕೋಣೆಯಿಂದ ಕೋಣೆಗೆ ಸಾಲುಸಾಲಾಗಿ ನಿಂತಿವೆ. ಹುಡುಗರು, ಮುದುಕರು, ಕಂಕುಳಲ್ಲಿ ಮಗುವಿರುವ ತಾಯಂದಿರು. ವಿಯೆಟ್ನಾಮಿನವರು, ಥಾಯ್ಲೆಂಡಿನವರಲ್ಲದೆ ಭಾರತೀಯರು, ಪಾಕಿಸ್ತಾನದವರು, ಕೆಲವು ಬಿಳಿಯರು ಕೂಡ ಇಲ್ಲಿ ಸಿಕ್ಕಿಬಿದ್ದಿದ್ದರು. ನ್ಯಾಯಾಲಯ ಮುಂದೆ ದಾಖಲೆ ಹುಡುಕಿ ಎಣಿಸಿದಾಗ ಇಲ್ಲಿಂದ ಸಾವಿಗೆ ಹೋದವರ ಲೆಕ್ಕ ಕನಿಷ್ಠ 12,272 ಎಂದಾಯಿತು. ಬದುಕಿ ಹೊರಗೆ ಬಂದವರನ್ನು ಕೈಬೆರಳಿನಲ್ಲಿ ಎಣಿಸಬಹುದು. ಚಿತ್ರ ಬರೆಯಬಲ್ಲವರು, ಯಂತ್ರ ರಿಪೇರಿ ಬಲ್ಲವರು, ಹೀಗೆ ಯಜಮಾನರಿಗೆ ಬೇಕಾದ ಕೈಕೆಲಸ ಬಲ್ಲವರೇ ಹೆಚ್ಚಾಗಿ ಉಳಿದರು.

ಈ ಸೆರೆಮನೆಯ ಮುಖ್ಯಸ್ಥ ‘ದೊಯ್ಕ್’ ಎಂಬ ಹೆಸರಿನಿಂದ ಕುಖ್ಯಾತನಾದ ಕಾಯಿಂಗ್ ಗೆಕ್ ಈವ್. ಅವನೊಬ್ಬ ಗಣಿತದ ಮೇಷ್ಟ್ರು! ಚಿತ್ರಹಿಂಸೆಯಿಂದ ಹೊರಡಿಸಿದ ತಪ್ಪೊಪ್ಪಿಗೆಗಳನ್ನು ಓದಿ, ಉತ್ತರಪತ್ರಿಕೆ ತಿದ್ದುವಂತೆ ಅಂಚಿನಲ್ಲಿ ಷರಾ ಬರೆಯುತ್ತಿದ್ದ. ನಾನೂ ಎರಡು ವರ್ಷ ಹೈಸ್ಕೂಲು ಮೇಷ್ಟ್ರಾಗಿದ್ದವನು. ಅಲ್ಲಿ ಗೋಡೆಯ ಮೇಲಿದ್ದ ಕರಿಹಲಗೆಯನ್ನು ನೋಡಿದಾಗ ಕಾಲಲ್ಲಿ ಬಲ ಹೋದಂತಾಯಿತು.

1979ರಲ್ಲಿ ಓಡಿಹೋದ ಈತ ಸಿಕ್ಕಿಬಿದ್ದುದು ಇಪ್ಪತ್ತು ವರ್ಷದ ಮೇಲೆ, 1999ರಲ್ಲಿ. ಅಷ್ಟರಲ್ಲಿ ಹೆಸರು ಬದಲಿಸಿಕೊಂಡು, ಕ್ರೈಸ್ತನಾಗಿ, ನಿರಾಶ್ರಿತರ ನಡುವೆ ಸೇವೆ ಮಾಡಿಕೊಂಡಿದ್ದ. ಒಬ್ಬ ವಿದೇಶಿ ಛಾಯಾಗ್ರಾಹಕ ಅವನ ಫೋಟೋವನ್ನು ಜೇಬಿನಲ್ಲಿಟ್ಟುಕೊಂಡು ಅಲೆದು ಅವನನ್ನು ಗುರುತಿಸಿದ. ಉಳಿದ ನಾಯಕರ ಕಥೆಯೂ ಹೀಗೆಯೇ. ಶೀತಲ ಸಮರದ ಲೆಕ್ಕಾಚಾರದಲ್ಲಿ, ಸೋತು ಕಾಡು ಸೇರಿದ ಈ ಪಕ್ಷಕ್ಕೇ ವಿಶ್ವಸಂಸ್ಥೆಯಲ್ಲಿ ಬಹುಕಾಲ ಕುರ್ಚಿ ಉಳಿದಿತ್ತು. (ನಮ್ಮ ಭಾರತ ಮಾತ್ರ 1980ರಲ್ಲಿಯೇ ಹೊಸ ಸರ್ಕಾರಕ್ಕೆ ಮಾನ್ಯತೆ ಕೊಟ್ಟಿತು.) ಪೋಲ್ ಪಾಟ್ 1998ರಲ್ಲಿ ಕಾಡಿನ ಗುಡಿಸಲಲ್ಲಿ ಹಾಸಿಗೆಯ ಮೇಲೆ ಸತ್ತ. ಅದೇ ವರ್ಷ ಶರಣಾದ ನುವೊನ್ ಚಿಯಾ, ಖಿಯು ಸಂಫಾನ್ ಎಂಬ ದೊಡ್ಡ ನಾಯಕರನ್ನು ಅಂದಿನ ಪ್ರಧಾನಿ ಹೂಗುಚ್ಛ ಕೊಟ್ಟು ಸ್ವಾಗತಿಸಿ, ಗುಂಡಿ ತೋಡಿ ಹಿಂದಿನದನ್ನು ಹೂತುಬಿಡೋಣ ಎಂಬರ್ಥದ ಮಾತನ್ನಾಡಿದ. ವಿಶ್ವಸಂಸ್ಥೆಯೂ ಕಾಂಬೋಡಿಯವೂ ಕೂಡಿ ವಿಶೇಷ ನ್ಯಾಯಾಲಯವನ್ನು ತೆರೆದುದು 2006ರಲ್ಲಿ. ಮೊದಲ ವಿಚಾರಣೆ 2009ರಲ್ಲಿ. ಅಪರಾಧ ನಡೆದು ಆಗಲೇ ಮೂವತ್ತು ವರ್ಷ!

ಹೊರಗೆ ಬಂದು ಎಳನೀರು ಕುಡಿಯುವಾಗ ಭಾವನವರು ಬಾಯಿ ಬಿಟ್ಟರು.

“ಅಲ್ರೀ ಭಾವಾ, ನನಗೊಂದ ತಿಳೀವಲ್ದು. ಎಂಬತ್ತ ದಾಟಿದ ಮುದುಕರನ್ನ ತಂದು ಕಟಕಟಿಯೊಳಗ ಕೂಡ್ರಿಸಿದ್ರ ಏನ ಸಿಕ್ಕೀತು? ಕಿವಿ ಕೇಳಸೂದಿಲ್ಲ, ಕಣ್ಣ ಕಾಣೂದಿಲ್ಲ. ಇನ್ನ ನಾಕ ದಿನಕ್ಕ ಯಮಧರ್ಮನ ಕೋರ್ಟಿಗೆ ಹೋಗೂ ಮಂದಿ. ಅಲ್ಲಿ ವಾಯಿದೆ ಇಲ್ಲ, ವಕೀಲರಿಲ್ಲ.”

ಈ ಮಾತು ಅವರೊಬ್ಬರದೇ ಅಲ್ಲ. ಕರ್ಮವನ್ನು ನಂಬುವ ಆ ಬೌದ್ಧ ನಾಡಿನಲ್ಲಿಯೇ ಹೀಗೆ ಹೇಳಿದವರು ಎಷ್ಟೋ ಮಂದಿ. ಖರ್ಚಿನ ಮಾತೂ ಇದೆ. ಆ ನ್ಯಾಯಾಲಯಕ್ಕೆ 30 ಕೋಟಿ ಡಾಲರಿಗೂ ಹೆಚ್ಚು ಹಣ ಹೋಯಿತು, ಶಿಕ್ಷೆಯಾದುದು ಮೂವರಿಗೆ. ಬಡ ದೇಶ, ಆ ದುಡ್ಡಿನಲ್ಲಿ ಎಷ್ಟು ಶಾಲೆ ಕಟ್ಟಬಹುದಿತ್ತು ಎಂದು ಕೇಳುವುದು ಸುಲಭ. ನಾನು ಆಗ ಏನೂ ಉತ್ತರ ಕೊಡಲಿಲ್ಲ. ಎಳನೀರಿನ ಕಾಯಿಯನ್ನು ಕೆಳಗಿಟ್ಟು ಗಾಡಿ ಹತ್ತಿದೆವು.

ಊರಿನ ದಕ್ಷಿಣಕ್ಕೆ ಸುಮಾರು ಹದಿನೈದು ಕಿಲೋಮೀಟರು ಹೋದರೆ ಚುವೊಂಗ್ ಎಕ್. ಹಿಂದೆ ಅಲ್ಲಿ ಹಣ್ಣಿನ ತೋಟವೂ ಚೀನೀಯರ ರುದ್ರಭೂಮಿಯೂ ಇದ್ದುವು. ಶಾಲೆಯಿಂದ ಕೈದಿಗಳನ್ನು ರಾತ್ರಿ ಲಾರಿಯಲ್ಲಿ ಇಲ್ಲಿಗೆ ತಂದು ಕೊಲ್ಲುತ್ತಿದ್ದರು. 129 ಗುಂಡಿಗಳಿದ್ದುವು, ಅಗೆದುದು 86, ಸಿಕ್ಕ ದೇಹಗಳು 8,985. ಉಳಿದ ಗುಂಡಿಗಳನ್ನು ಮುಟ್ಟದೆ ಹಾಗೆಯೇ ಬಿಟ್ಟಿದ್ದಾರೆ. ಮಳೆಗಾಲದಲ್ಲಿ ನೆಲದಿಂದ ಈಗಲೂ ಮೂಳೆಯ ಚೂರು, ಬಟ್ಟೆಯ ತುಂಡು ಮೇಲೆ ಬರುತ್ತವೆ. ನಡುವೆ ಗಾಜಿನ ಗೋಡೆಯ ಎತ್ತರವಾದ ಸ್ತೂಪ, ಒಳಗೆ ಅಂತಸ್ತು ಅಂತಸ್ತಾಗಿ ತಲೆಬುರುಡೆಗಳು. ಎಳೆಯ ಮಕ್ಕಳನ್ನು ಅಪ್ಪಳಿಸಿದ ಒಂದು ಮರವಿದೆ. ಬಂದವರು ಅದಕ್ಕೆ ಬಣ್ಣಬಣ್ಣದ ದಾರದ ಬಳೆಗಳನ್ನು ಕಟ್ಟಿಹೋಗುತ್ತಾರೆ. ನನ್ನಾಕೆ ಮೊಮ್ಮಗಳಿಗೆಂದು ಅಂಕೋರಿನಲ್ಲಿ ಕೊಂಡಿದ್ದ ಕೆಂಪು ದಾರದ ಬಳೆಯನ್ನು ಚೀಲದಿಂದ ತೆಗೆದು ಅಲ್ಲಿ ಕಟ್ಟಿದಳು. ಯಾರೂ ಮಾತನಾಡಲಿಲ್ಲ.

ಈ ನೆಲಕ್ಕೆ ಸಂಬಂಧಿಸಿದ ಒಂದು ಪ್ರಸಂಗವನ್ನು ನಾನು ಹೊರಡುವ ಮೊದಲೇ ಓದಿದ್ದೆ. ಎಸ್-21ರಲ್ಲಿ ಬದುಕುಳಿದವರಲ್ಲಿ ಬೌ ಮೆಂಗ್ ಎಂಬ ಚಿತ್ರಕಾರನೊಬ್ಬ. ಅವನನ್ನೂ ಅವನ ಹೆಂಡತಿಯನ್ನೂ ಒಟ್ಟಿಗೆ ಹಿಡಿದು ತಂದಿದ್ದರು. ಪೋಲ್ ಪಾಟ್‌ನ ಭಾವಚಿತ್ರ ಬರೆಯಬಲ್ಲವನಾದ್ದರಿಂದ ಗಂಡ ಉಳಿದ, ಹೆಂಡತಿ ಉಳಿಯಲಿಲ್ಲ. 2009ರಲ್ಲಿ ಅವನು ಸಾಕ್ಷಿಗೆ ನಿಂತಾಗ ದೊಯ್ಕ್‌ನಿಗೆ ಒಂದೇ ಪ್ರಶ್ನೆ ಕೇಳಲು ಬಯಸಿದ: ನನ್ನ ಹೆಂಡತಿಯನ್ನು ಕೊಂದುದು ಎಲ್ಲಿ? ಶಾಲೆಯಲ್ಲೋ, ಚುವೊಂಗ್ ಎಕ್‌ನಲ್ಲೋ? ಸ್ಥಳ ತಿಳಿದರೆ ಅಲ್ಲಿಗೆ ಹೋಗಿ ಆಕೆಯ ಆತ್ಮಕ್ಕಾಗಿ ಪ್ರಾರ್ಥಿಸಬಹುದು ಎಂಬುದಷ್ಟೆ ಅವನ ಆಸೆ. ಖಚಿತವಾಗಿ ಗೊತ್ತಿಲ್ಲ, ಬಹುಶಃ ಚುವೊಂಗ್ ಎಕ್ ಇರಬೇಕು ಎಂದ ದೊಯ್ಕ್.

ಅದೇ ವಿಚಾರಣೆಯಲ್ಲಿ ನ್ಯೂಜಿಲೆಂಡಿನಿಂದ ರಾಬ್ ಹ್ಯಾಮಿಲ್ ಎಂಬವನು ಬಂದಿದ್ದ. ಅವನ ಅಣ್ಣ ಕೆರ್ರಿಯ ಹಾಯಿದೋಣಿ 1978ರಲ್ಲಿ ಕಾಂಬೋಡಿಯದ ಸಮುದ್ರಕ್ಕೆ ಬಂದು ಸಿಕ್ಕಿಬಿದ್ದಿತ್ತು. ಎಸ್-21ರಲ್ಲಿ ಅವನಿಂದ ಬರೆಸಿಕೊಂಡ ತಪ್ಪೊಪ್ಪಿಗೆಯಲ್ಲಿ ತನಗೆ ಬೇಹುಗಾರಿಕೆಯ ತರಬೇತಿ ಕೊಟ್ಟವರ ಪಟ್ಟಿಯಿತ್ತು. ಅದರಲ್ಲಿ ಒಬ್ಬನ ಹೆಸರು ‘ಎಸ್. ಟಾರ್’. ಹಿಂಸಿಸುವವರಿಗೆ ಅದು ಯಾವನೋ ಗೂಢಚಾರ. ಮನೆಯವರಿಗೆ ಅದು ತಾಯಿ ಎಸ್ತರ್‌ಳ ಹೆಸರು. ಸಾಯುವ ಮುನ್ನ ಮಗ ತಾಯಿಗೆ ಕಳಿಸಿದ ಕಾಗದ ಶತ್ರುವಿನ ಕಡತದಲ್ಲಿ ಬಿದ್ದಿತ್ತು. ಮೂವತ್ತು ವರ್ಷದ ಮೇಲೆ ತಮ್ಮ ಅದನ್ನು ತುಂಬಿದ ನ್ಯಾಯಾಲಯದಲ್ಲಿ, ಕೊಂದವನ ಎದುರಿಗೆ ಹೇಳಿದ.

ಸ್ತೂಪದ ಎದುರು ಕಲ್ಲುಬೆಂಚಿನ ಮೇಲೆ ಕುಳಿತು ಈ ಎರಡನ್ನೂ ಭಾವನವರಿಗೆ ಹೇಳಿದೆ. “ನೀವು ಯಮಧರ್ಮನ ಕೋರ್ಟು ಎಂದಿರಲ್ಲ, ಇರಬಹುದು. ಆದರೆ ಆ ತೀರ್ಪು ಬೌ ಮೆಂಗ್‌ನ ಕಿವಿಗೆ ಬೀಳುವುದಿಲ್ಲ. ಮುದುಕರಿಗೆ ವಯಸ್ಸಾಯಿತು ನಿಜ, ಕೇಳುವವರಿಗೂ ವಯಸ್ಸಾಗಿದೆ,” ಎಂದೆ.

“ಹೌದ್ರಿ, ಆದರ ಬುದ್ಧಿಭ್ರಮಣಿ ಆದವರನ್ನೂ ಎಳೀಬೇಕೇನು?” ಎಂದು ಅವರು ಮರುಪ್ರಶ್ನೆ ಹಾಕಿದರು. ಪ್ರಶ್ನೆ ಸರಿಯಾದದ್ದೇ. ಅದಕ್ಕೂ ಅದೇ ನ್ಯಾಯಾಲಯ ಉತ್ತರ ಕೊಟ್ಟಿದೆ. ಅಂದಿನ ಸಮಾಜ ಕಲ್ಯಾಣ ಸಚಿವೆಯಾಗಿದ್ದ ಇಯೆಂಗ್ ಥಿರಿತ್ ಎಂಬಾಕೆಗೆ ಮರೆವಿನ ರೋಗ ಬಲವಾಗಿದೆಯೆಂದು ವೈದ್ಯರು ಹೇಳಿದ ಮೇಲೆ, 2011ರಲ್ಲಿ ಆಕೆಯ ವಿಚಾರಣೆಯನ್ನು ನಿಲ್ಲಿಸಿ, ಮರುವರ್ಷ ಮನೆಗೆ ಬಿಟ್ಟರು. ತನ್ನ ಮೇಲಿನ ಆರೋಪ ಏನೆಂದು ತಿಳಿಯದವರನ್ನು ವಿಚಾರಿಸುವುದು ನ್ಯಾಯವಾಗದು. ಆಕೆಯ ಗಂಡ, ವಿದೇಶ ಸಚಿವನಾಗಿದ್ದ ಇಯೆಂಗ್ ಸಾರಿ, 2013ರಲ್ಲಿ ವಿಚಾರಣೆ ನಡೆಯುತ್ತಿರುವಾಗಲೇ 87ನೆಯ ವಯಸ್ಸಿನಲ್ಲಿ ತೀರಿಹೋದ. ನುವೊನ್ ಚಿಯಾ, ಖಿಯು ಸಂಫಾನ್ ಇಬ್ಬರಿಗೂ 2014ರಲ್ಲಿ ಜೀವಾವಧಿ ಸಜೆಯಾಯಿತು. 2018ರಲ್ಲಿ ಜನಾಂಗಹತ್ಯೆಯ ತೀರ್ಪು ಬಂದಾಗ ಒಬ್ಬನಿಗೆ 92, ಇನ್ನೊಬ್ಬನಿಗೆ 87. ನುವೊನ್ ಚಿಯಾ ಮರುವರ್ಷವೇ, ಮೇಲ್ಮನವಿ ಮುಗಿಯುವ ಮುನ್ನ ಸತ್ತ. ಖಿಯು ಸಂಫಾನ್‌ನ ಮೇಲ್ಮನವಿ 2022ರ ಸೆಪ್ಟೆಂಬರಿನಲ್ಲಿ ವಜಾ ಆಯಿತು. ಅವನಿಗೆ ಆಗ 91. ಮರಣದಂಡನೆ ಆ ದೇಶದ ಕಾನೂನಿನಲ್ಲಿಯೇ ಇಲ್ಲ. ಅವರಿಗೆ ವಕೀಲರಿದ್ದರು, ವೈದ್ಯರಿದ್ದರು. ಕೂರಲಾಗದ ದಿನ ಕೆಳಗಿನ ಕೋಣೆಯಲ್ಲಿ ಮಲಗಿ ಕೇಳಲು ಅನುಕೂಲವಿತ್ತು. ತಾವು ಯಾರಿಗೂ ಕೊಡದಿದ್ದುದೆಲ್ಲ ಅವರಿಗೆ ದೊರೆಯಿತು.

ಜರ್ಮನಿಯಲ್ಲಿ ಇದಕ್ಕಿಂತ ವಿಚಿತ್ರವಾದುದು ನಡೆದಿದೆ. ನಾಜಿಗಳ ಸ್ಟುಟ್‌ಹೋಫ್ ಶಿಬಿರದಲ್ಲಿ ಬೆರಳಚ್ಚುಗಾರ್ತಿಯಾಗಿದ್ದ ಮುದುಕಿಯೊಬ್ಬಳನ್ನು, ಆಗ ಆಕೆಗೆ ಹದಿನೆಂಟು ಹತ್ತೊಂಬತ್ತು ವಯಸ್ಸಿದ್ದುದರಿಂದ, ಬಾಲಾಪರಾಧಿಗಳ ಕಾನೂನಿನಂತೆ ವಿಚಾರಿಸಿದರು. ವಿಚಾರಣೆಯ ಮೊದಲ ದಿನ ಆಕೆ ವೃದ್ಧಾಶ್ರಮದಿಂದ ಟ್ಯಾಕ್ಸಿ ಹಿಡಿದು ತಪ್ಪಿಸಿಕೊಂಡಿದ್ದಳು! 2022ರ ಡಿಸೆಂಬರಿನಲ್ಲಿ, 97ನೆಯ ವಯಸ್ಸಿನಲ್ಲಿ, ಅಪರಾಧಿಯೆಂದು ತೀರ್ಪಾಯಿತು. ಎರಡು ವರ್ಷದ ಸಜೆ, ಅದೂ ಅಮಾನತಿನಲ್ಲಿ, ಜೈಲಿಗೆ ಹೋಗಬೇಕಾಗಲಿಲ್ಲ. ಇದರಲ್ಲಿ ನನಗೆ ಒಂದು ವಿವೇಕ ಕಾಣುತ್ತದೆ. ದಯೆ ಬೇಕು, ಆದರೆ ಅದರ ಜಾಗ ಶಿಕ್ಷೆಯಲ್ಲಿ, ತೀರ್ಪಿನಲ್ಲಲ್ಲ. ಮುದುಕರ ಮೈಗೆ ಕರುಣೆ ತೋರಿಸೋಣ. ಮಾಡಿದ್ದು ಮಾಡಿಲ್ಲವೆಂದು ಮಾತ್ರ ಬರೆಯುವುದು ಬೇಡ.

ಹಿಂದಿರುಗುವ ದಾರಿಯಲ್ಲಿ ಮಳೆ ಬಂತು. ಚಾಲಕ ಒಂದು ಅಂಗಡಿಯ ಸೂರಿನ ಕೆಳಗೆ ಗಾಡಿ ನಿಲ್ಲಿಸಿದ. ನನ್ನಾಕೆ ಅವಲಕ್ಕಿಯ ಡಬ್ಬಿ ಬಿಚ್ಚಿ ಅವನಿಗೂ ಕೊಟ್ಟಳು. ತಿನ್ನುತ್ತ ತಾನಾಗಿ ಹೇಳತೊಡಗಿದ. ಅವನ ತಂದೆ ಹಳ್ಳಿಯ ಶಾಲೆಯ ‘ಕ್ರೂ’. 1977ರಲ್ಲಿ ಒಂದು ಸಂಜೆ ಕರೆದುಕೊಂಡು ಹೋದರು, ತಿರುಗಿ ಬರಲಿಲ್ಲ. ಎಲ್ಲಿ, ಹೇಗೆ, ಯಾರು, ಏನೂ ತಿಳಿಯದು. ನ್ಯಾಯಾಲಯ ನಡೆಯುತ್ತಿದ್ದಾಗ ಹಳ್ಳಿಯ ಜನರನ್ನು ಬಸ್ಸಿನಲ್ಲಿ ಉಚಿತವಾಗಿ ಕರೆತರುತ್ತಿದ್ದರು. ಸುಮಾರು ಐನೂರು ಜನ ಕುಳಿತು ಗಾಜಿನ ಆಚೆ ನಡೆಯುವುದನ್ನು ನೋಡುವಂಥ ಸಭಾಗೃಹ ಅದು. ಒಟ್ಟಿನಲ್ಲಿ ಎರಡು ಲಕ್ಷಕ್ಕೂ ಹೆಚ್ಚು ಜನ ಹಾಗೆ ನೋಡಿದರು. ಅವನ ತಾಯಿಯೂ ಒಂದು ದಿನ ಹೋಗಿದ್ದಳು.

“ನೋಡಿ ಬಂದು ಏನೆಂದರು?” ಎಂದು ನನ್ನಾಕೆ ಕೇಳಿದಳು.

“ಅವರಿಗೂ ಹಲ್ಲು ಬಿದ್ದಿದೆ ಎಂದಳು,” ಎಂದ. ಸ್ವಲ್ಪ ಹೊತ್ತಿನ ಮೇಲೆ, “ಅಂದಿನಿಂದ ಅಪ್ಪನ ವಿಷಯ ನಮ್ಮ ಎದುರಿಗೆ ಮಾತನಾಡತೊಡಗಿದಳು. ಅದಕ್ಕೆ ಮೊದಲು ಮೂವತ್ತು ವರ್ಷ ಒಂದು ಮಾತೂ ಆಡಿರಲಿಲ್ಲ. ಅಪ್ಪನಿಗೆ ಹಾಡಲು ಬರುತ್ತಿತ್ತೆಂಬುದು ನನಗೆ ತಿಳಿದುದೇ ಆಗ,” ಎಂದ. ಡಬ್ಬಿಯನ್ನು ಮಳೆನೀರಿನಲ್ಲಿ ತೊಳೆದು ಎರಡೂ ಕೈಯಲ್ಲಿ ಹಿಂದಕ್ಕೆ ಕೊಟ್ಟ.

ಆ ರಾತ್ರಿ ಹೋಟೆಲಿನ ಜಗಲಿಯಲ್ಲಿ ನದಿಯನ್ನು ನೋಡುತ್ತ ಕುಳಿತಿದ್ದಾಗ ಭಾವನವರು ಒಂದು ಹಳೆಯ ಸಂಗತಿ ಹೇಳಿದರು. ಅವರು ಕೋರ್ಟಿನಲ್ಲಿದ್ದಾಗ ಒಂದು ಕೊಲೆಯ ಕೇಸು ಹತ್ತೊಂಬತ್ತು ವರ್ಷ ಎಳೆಯಿತಂತೆ. ಸತ್ತವನ ತಾಯಿ ಪ್ರತಿ ವಾಯಿದೆಗೂ ಹಳ್ಳಿಯಿಂದ ಬಂದು ವರಾಂಡದಲ್ಲಿ ಕೂಡುತ್ತಿದ್ದಳು. ಕೊನೆಗೆ ಆರೋಪಿ ಮುದುಕನಾಗಿ ತೀರಿಕೊಂಡ. ಆರೋಪಿ ಮೃತನಾದರೆ ಪ್ರಕರಣ ಅಲ್ಲಿಗೆ ಮುಗಿಯಿತು. ಕಡತಕ್ಕೆ ಷರಾ ಬರೆದು ಕಟ್ಟಿಡುವುದು ಪದ್ಧತಿ.

“ಒಂದ ಹಳೇ ಕೇಸು ಕಡಿಮಿ ಆತಲ್ಲಾ ಅಂತ ನನಗ ಸಮಾಧಾನ ಆಗಿತ್ತು. ಮುಂದಿನ ತಿಂಗಳಾ ಮುದುಕಿ ಬಂದ್ಲು. ‘ನಿನ್ನ ಕೇಸು ಮುಗೀತವ್ವಾ, ಇನ್ನ ಬರಬ್ಯಾಡ’ ಅಂದೆ. ‘ಏನಂತ ಮುಗೀತ್ರೀ ಸಾಹೇಬ್ರ?’ ಅಂತ ಕೇಳಿದ್ಲು. ನಾ ಏನ ಹೇಳಲಿ? ‘ಏನಂತನೂ ಇಲ್ಲವ್ವಾ, ಮುಗೀತು’ ಅಂದೆ. ಸೆರಗ ಹೊದ್ದಕೊಂಡು ಹ್ವಾದ್ಲು. ಇವತ್ತ ಆ ತೋಟದಾಗ ಆಕಿ ನೆನಪ ಬಂತ ನೋಡ್ರಿ.”

ನನ್ನಾಕೆ, “ಅಣ್ಣಾ, ಊಟಾ ಮಾಡು ನಡೀ,” ಎಂದಳು. ಅವರು ಏಳಲಿಲ್ಲ.

ಮರುದಿನ ವಿಮಾನಕ್ಕೆ ಸಮಯವಿತ್ತು. ಅರಮನೆ ನೋಡೋಣವೆಂದು ನಾನೆಂದರೆ, ಭಾವನವರು ಇನ್ನೊಮ್ಮೆ ಆ ಶಾಲೆಗೆ ಹೋಗೋಣವೆಂದರು. ಹಿಂದಿನ ದಿನ ಅಂಗಳದಲ್ಲಿ ನಾವು ಸರಿಯಾಗಿ ನೋಡದೆ ಬಿಟ್ಟಿದ್ದ ಸ್ಮಾರಕವೊಂದಿತ್ತು. 2015ರಲ್ಲಿ ನಿಲ್ಲಿಸಿದ ಸ್ತೂಪ. ಅದರ ಸುತ್ತ ಕಪ್ಪು ಕಲ್ಲುಗಳು. ಕಲ್ಲುಗಳ ಮೇಲೆ ಹನ್ನೆರಡು ಸಾವಿರಕ್ಕೂ ಹೆಚ್ಚು ಹೆಸರುಗಳು. ಹಣ ಕೊಟ್ಟುದು ಜರ್ಮನಿಯಂತೆ. ಆ ಲಿಪಿ ಪಲ್ಲವರ ಕಾಲದಲ್ಲಿ ದಕ್ಷಿಣ ಭಾರತದಿಂದ ಹೋದದ್ದು, ನಮ್ಮ ಕನ್ನಡಕ್ಕೆ ದೂರದ ದಾಯಾದಿ. ಒಂದಕ್ಷರವೂ ನಮಗೆ ಓದಲು ಬರಲಿಲ್ಲ. ಆದರೂ ಭಾವನವರು ಮೊದಲ ಕಲ್ಲಿನಿಂದ ಕೊನೆಯ ಕಲ್ಲಿನವರೆಗೆ, ಬೆರಳನ್ನು ಸಾಲಿನ ಕೆಳಗೆ ಸರಿಸುತ್ತ, ಕೋರ್ಟಿನ ರಿಜಿಸ್ಟರು ತಾಳೆ ನೋಡುವವರಂತೆ ನಿಧಾನವಾಗಿ ನಡೆದರು.

ನಮ್ಮ ಸಂಘದ ಬಂಧುಗಳಲ್ಲಿ ಅಂಕೋರಿಗೆ ಹೋಗುವವರು ಈಚೆಗೆ ಹೆಚ್ಚಾಗಿದ್ದಾರೆ. ಹೋದವರು ನಾಮ್ ಪೆನ್ನಿಗೂ ಒಂದು ದಿನ ಇಟ್ಟುಕೊಳ್ಳಬೇಕೆಂದು ನನ್ನ ವಿನಂತಿ. 2025ರ ಜುಲೈಯಲ್ಲಿ ಯುನೆಸ್ಕೊ ಈ ಎರಡು ಸ್ಥಳಗಳನ್ನೂ ವಿಶ್ವಪರಂಪರೆಯ ಪಟ್ಟಿಗೆ ಸೇರಿಸಿದೆ. ಭುಜ, ಮೊಣಕಾಲು ಮುಚ್ಚುವ ಉಡುಪಿರಲಿ. ಒಳಗೆ ಗಟ್ಟಿಯಾಗಿ ಮಾತು ಬೇಡ. ತೀರ ಚಿಕ್ಕ ಮಕ್ಕಳನ್ನು ಕರೆದೊಯ್ಯದಿರುವುದು ಲೇಸು. ಗಾಡಿಯವನು ಅರವತ್ತರ ಹತ್ತಿರದವನಾಗಿದ್ದರೆ ಅವನಾಗಿ ಹೇಳುವವರೆಗೆ ಏನೂ ಕೇಳಬೇಡಿ. ಹೇಳತೊಡಗಿದರೆ ನಡುವೆ ಎದ್ದುಹೋಗಬೇಡಿ.